ಮತ್ಸ್ಯಾಲಯ: ಅರಬ್ಬಿ ಕಡಲಿನಿಂದ ಸಂಶಿಯ ಎರೆಹೊಲದವರೆಗೆ

ಜೀವಂತ ಜಲಚರಗಳನ್ನು ಗಾಜಿನ ಇಲ್ಲವೇ ಅಕ್ರಿಲಿಕ್ ತೊಟ್ಟಿಗಳಲ್ಲಿ ಸಾಕಿ ಸಾರ್ವಜನಿಕರಿಗೆ ತೋರಿಸುವ ಸ್ಥಳಕ್ಕೆ ಮತ್ಸ್ಯಾಲಯ ಎಂದು ಹೆಸರು. ಹೆಸರಿನಲ್ಲಿ ಮತ್ಸ್ಯವೊಂದೇ ಇದ್ದರೂ ಸಿಗಡಿ, ಏಡಿ, ಹವಳ, ನಕ್ಷತ್ರಮೀನು, ಆಮೆಗಳೂ ಅಲ್ಲಿನ ನಿವಾಸಿಗಳೇ. ಪುಸ್ತಕದ ಭಾಷೆಯಲ್ಲಿ ಮತ್ಸ್ಯಾಲಯ, ಮತ್ಸ್ಯಾಗಾರ ಎಂದೆಲ್ಲ ಬರೆದರೂ ಟಿಕೆಟು ಕೊಳ್ಳುವವರ ಬಾಯಲ್ಲಿ ಅದು ಅಕ್ವೇರಿಯಂ. ನೋಡಿ ಬೆರಗಾಗುವುದಕ್ಕಷ್ಟೇ ಇದ್ದ ಈ ಮನೆಗಳಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಕೆಲಸ ಅಂಟಿಕೊಂಡಿತು: ತಮ್ಮ ಸುತ್ತಲಿನ ನೀರಿನಲ್ಲಿ ಏನೇನಿದೆ, ಅದರಲ್ಲಿ ಏನು ಕಡಿಮೆಯಾಗುತ್ತಿದೆ ಎಂಬುದನ್ನು ಬಂದವರಿಗೆ ತಿಳಿಸುವುದು. ಕರ್ನಾಟಕದ ಮತ್ಸ್ಯಾಲಯಗಳು ಮೊದಲ ಕೆಲಸವನ್ನು ಒಂದಷ್ಟು ಮಾಡಿವೆ. ಎರಡನೆಯದು ನಡೆದಿರುವುದು ಹೆಚ್ಚಾಗಿ ಕಾರವಾರ, ಮಂಗಳೂರುಗಳ ವಿದ್ಯಾಸಂಸ್ಥೆಗಳ ಸಣ್ಣ ಕೋಣೆಗಳಲ್ಲಿ.

ಈ ಲೇಖನ ಕಡಲನ್ನು ನೋಡುವುದು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಸಂಶಿಯ ಕಡೆಯಿಂದ. ಹುಬ್ಬಳ್ಳಿ–ಬೆಂಗಳೂರು ರೈಲುದಾರಿಯಲ್ಲಿ ಕುಂದಗೋಳ ದಾಟಿದ ಮೇಲೆ, ಗುಡಗೇರಿಗಿಂತ ಮೊದಲು ಸಿಗುವ ಊರು ಇದು. ಸುತ್ತಲೂ ಹತ್ತಿ, ಮೆಣಸಿನಕಾಯಿ, ಜೋಳ, ಕಡಲೆ ಬೆಳೆಯುವ ಎರೆಭೂಮಿ. ಇಲ್ಲಿ ಕಡಲೆ ಉಂಟು, ಕಡಲಿಲ್ಲ. ಕಾರವಾರದ ತೀರಕ್ಕೆ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆಗಳ ಮೇಲೆ ಹೋದರೆ ಇನ್ನೂರು ಕಿಲೋಮೀಟರಿನ ಆಸುಪಾಸು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ದಶಕಗಳಿಂದ ಮುಗಿಯದೆ ಉಳಿದಿರುವುದರಿಂದ ಆ ದಾರಿಗೆ ಬಸ್ಸೇ ಗತಿ. ಕಡಲು ಈ ಊರುಗಳಿಗೆ ಬರುವುದು ಬರ್ಫದಲ್ಲಿ ಮುಚ್ಚಿದ ಬಂಗಡೆಯಾಗಿ, ಸಂತೆಯ ಒಣಮೀನಾಗಿ. ಮಕ್ಕಳ ಪಾಲಿಗೆ ವರ್ಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸವಾಗಿ.

ಗಾಜಿಗಿಂತ ಮೊದಲು

ಮೀನನ್ನು ಹಿಡಿದು ತಿನ್ನುವುದಕ್ಕಷ್ಟೇ ಅಲ್ಲದೆ ಗಮನಿಸಿ ವಿಂಗಡಿಸುವ ಅಭ್ಯಾಸ ಈ ನೆಲದಲ್ಲಿ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಗಾಳ ಹಾಕುವ ರಾಜವಿನೋದದ ನೆಪದಲ್ಲಿ ಅಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು ಬರುತ್ತವೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು ಇಲ್ಲದವು, ದೊಡ್ಡವು ಸಣ್ಣವು, ಯಾವುದಕ್ಕೆ ಎಂಥ ಮೇವು ಎಂದೆಲ್ಲ ವಿಂಗಡಣೆಯಿದೆ. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಈ ಭಾಗವನ್ನು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವಿಜ್ಞಾನದ ಕಣ್ಣಿನಿಂದ ಓದಿ ಬರೆದರು. ಕಡಲಿಲ್ಲದ ಕಲ್ಯಾಣದಲ್ಲಿ ಕೂತ ಅರಸನ ಗ್ರಂಥಕ್ಕೆ ಕಡಲಮೀನು ಬಂದದ್ದು ಸಣ್ಣ ಸಂಗತಿಯಲ್ಲ. ಇಂದಿನ ಅಣ್ಣಿಗೇರಿ, ನವಲಗುಂದಗಳೆಲ್ಲ ಆ ಅರಸರ ಬೆಳ್ವೊಲ ನಾಡಿನವೇ.

ಇನ್ನೊಂದು ಪರಂಪರೆ ದೇವಸ್ಥಾನದ ಹೊಳೆಮಡುಗಳದ್ದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿ ಎರಚಿದರೆ ಮೊಣಕೈ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ಮತ್ಸ್ಯತೀರ್ಥವಿದೆ. ಅಲ್ಲಿನ ಮಹಸೀರ್ ಮೀನುಗಳನ್ನು ತುಳುವರು ಪೆರುವೋಳು ಎನ್ನುತ್ತಾರೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಅವು ದೇವರವು. ಗಾಜಿಲ್ಲ, ಪಂಪಿಲ್ಲ, ಟಿಕೆಟಿಲ್ಲ. ಆದರೂ ಮತ್ಸ್ಯಾಲಯ ಮಾಡಬೇಕಾದ ಎರಡು ಕೆಲಸಗಳು, ತೋರಿಸುವುದು ಮತ್ತು ಕಾಯುವುದು, ಒಟ್ಟಿಗೇ ನಡೆಯುತ್ತವೆ. 1996ರಲ್ಲಿ ಶಿಶಿಲದ ನೀರಿಗೆ ಯಾರೋ ವಿಷ ಹಾಕಿ ಸಾವಿರಾರು ಮೀನುಗಳು ಸತ್ತವು. ದೇವರ ಹೆಸರಿನ ಬೇಲಿಯನ್ನೂ ದಾಟುವವರಿದ್ದಾರೆ ಎಂದು ಆಗ ಗೊತ್ತಾಯಿತು; ಆ ಬೇಲಿ ಇಲ್ಲದ ಹೊಳೆಗಳಲ್ಲಿ ಇದೇ ಜಾತಿಯ ಮೀನು ಎಷ್ಟು ವಿರಳ ಎನ್ನುವುದೂ ಅಷ್ಟೇ ಸತ್ಯ.

ಲಂಡನ್, ಮದರಾಸು, ಮುಂಬಯಿ

ಗಾಜಿನ ಮತ್ಸ್ಯಾಲಯ ಹುಟ್ಟಿದ್ದು ಲಂಡನ್ನಿನಲ್ಲಿ. ನೀರುಗಿಡ ಮತ್ತು ಮೀನನ್ನು ಒಂದೇ ಪಾತ್ರೆಯಲ್ಲಿ ಸರಿಯಾದ ಅಳತೆಯಲ್ಲಿ ಇಟ್ಟರೆ ನೀರು ಬದಲಿಸದೆಯೂ ಎರಡೂ ಬದುಕುತ್ತವೆ ಎಂಬುದನ್ನು ಅಲ್ಲಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಅಕ್ವೇರಿಯಂ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿತು.

ಭಾರತಕ್ಕೆ ಅದು ಬಂದದ್ದು ಮದರಾಸಿನ ಮೂಲಕ. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ನನ ಯೋಜನೆಯಂತೆ ಮರೀನಾ ತೀರದಲ್ಲಿ 1909ರ ಅಕ್ಟೋಬರಿನಲ್ಲಿ ಮತ್ಸ್ಯಾಲಯ ತೆರೆಯಿತು. ಏಷ್ಯಾದಲ್ಲೇ ಮೊದಲನೆಯದೆಂದು ಅದನ್ನು ಹೆಸರಿಸುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿತು. ಮಂಗಳೂರು, ಉಡುಪಿಗಳು ಆಗ ಮದರಾಸು ಪ್ರಾಂತದಲ್ಲಿದ್ದುದರಿಂದ ಕರಾವಳಿಯ ಅರ್ಧಭಾಗಕ್ಕೆ ಅದು ತನ್ನದೇ ರಾಜಧಾನಿಯ ಮತ್ಸ್ಯಾಲಯವಾಗಿತ್ತು.

ಧಾರವಾಡ, ಕಾರವಾರಗಳ ರಾಜಧಾನಿ ಮುಂಬಯಿ. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದಲ್ಲಿದ್ದು, 1948ರ ವಿಲೀನದೊಂದಿಗೆ ಅದೂ ಮುಂಬಯಿ ರಾಜ್ಯಕ್ಕೆ ಬಂತು. ಮೂರು ವರ್ಷದ ಮೇಲೆ, 1951ರಲ್ಲಿ, ಮುಂಬಯಿಯ ಮರೀನ್ ಡ್ರೈವಿನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ಸುಮಾರು ಎಂಟು ಲಕ್ಷ ರೂಪಾಯಿ ವೆಚ್ಚದ ಕಟ್ಟಡಕ್ಕೆ ಎರಡು ಲಕ್ಷ ಕೊಟ್ಟ ದಾನಿಯ ಹೆಸರನ್ನೇ ಇಟ್ಟರು. ಹುಬ್ಬಳ್ಳಿ ಕಡೆಯಿಂದ ಮುಂಬಯಿಗೆ ಹತ್ತಿಯ ವ್ಯಾಪಾರಕ್ಕೆ, ಗಿರಣಿ ಕೆಲಸಕ್ಕೆ ಹೋಗುತ್ತಿದ್ದವರು ನೋಡಿಬರುವ ಜಾಗಗಳಲ್ಲಿ ಅದೂ ಒಂದಾಯಿತು. ಜೀವಂತ ಕಡಲಮೀನನ್ನು ಕಣ್ಣಮಟ್ಟದಲ್ಲಿ ನೋಡಲು 1956ರ ಏಕೀಕರಣದವರೆಗೆ ಧಾರವಾಡ ಸೀಮೆಯವರಿಗೆ ಸರ್ಕಾರ ಒದಗಿಸಿದ್ದ ಕಿಟಕಿ ಅದು. ಏಕೀಕರಣದ ಮೇಲೆ ರಾಜಧಾನಿ ಬೆಂಗಳೂರಾಯಿತು. ಅಲ್ಲಿ ಮತ್ಸ್ಯಾಲಯ ತೆರೆಯುವಷ್ಟರಲ್ಲಿ ಕಾಲು ಶತಮಾನವೇ ಕಳೆದಿತ್ತು.

ಬೆಂಗಳೂರಿನ ಮತ್ಸ್ಯಾಲಯ

ಕಬ್ಬನ್ ಪಾರ್ಕಿನ ಅಂಚಿಗೆ, ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ಮತ್ಸ್ಯಾಲಯ 1983ರಿಂದ ಇದೆ. ಎಂಟು ಮೂಲೆಯ, ಹಲವು ಅಂತಸ್ತುಗಳ ಕಟ್ಟಡ; ನಡೆಸುವುದು ಮೀನುಗಾರಿಕೆ ಇಲಾಖೆ. ದೇಶದ ಎರಡನೆಯ ದೊಡ್ಡ ಮತ್ಸ್ಯಾಲಯವೆಂದು ಪ್ರವಾಸಿ ಕೈಪಿಡಿಗಳು ಹೊಗಳುತ್ತ ಬಂದಿವೆ. ಆ ಹೊಗಳಿಕೆ ಹಳತಾಗಿ ಬಹಳ ದಿನಗಳಾದವು. ಒಳಗೆ ಗೋಲ್ಡ್‌ಫಿಶ್, ಏಂಜೆಲ್, ಅರೋವಾನಾ, ಸಯಾಮಿನ ಕಾದಾಡುವ ಮೀನುಗಳೊಂದಿಗೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳೂ ಇವೆ. ಹೆಚ್ಚಿನವು ಸಿಹಿನೀರಿನವು, ಅದರಲ್ಲೂ ಅಲಂಕಾರದ ಮೀನುಗಳು ಚೀನಾ, ಅಮೆಜಾನ್, ಆಗ್ನೇಯ ಏಷ್ಯಾ ಮೂಲದವು. ಕಡಲಿನಿಂದ ಮುನ್ನೂರೈವತ್ತು ಕಿಲೋಮೀಟರು ದೂರದ ಊರಿನಲ್ಲಿ ಸಿಹಿನೀರನ್ನೇ ಆರಿಸಿಕೊಂಡದ್ದು ಸಹಜ. ಸಹಜವಲ್ಲದ್ದು ಕಾವೇರಿಯ, ತುಂಗಭದ್ರೆಯ, ಸಹ್ಯಾದ್ರಿಯ ತೊರೆಗಳ ಸ್ವಂತ ಮೀನುಗಳು ಅಲ್ಲಿ ಅಂಚಿಗೆ ಸರಿದಿರುವುದು.

ಸಹ್ಯಾದ್ರಿಯ ಮೀನುಗಳ ಬಣ್ಣ ಕಡಿಮೆಯೇನಲ್ಲ. ಮಿಸ್ ಕೇರಳ ಎಂದು ಅಂಗಡಿಯಲ್ಲಿ ಕರೆಯುವ ಕೆಂಪುಗೆರೆಯ ಮೀನು ಕೇರಳದಲ್ಲೂ ಕರ್ನಾಟಕದ ದಕ್ಷಿಣ ಘಟ್ಟದ ತೊರೆಗಳಲ್ಲೂ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೊರದೇಶದ ಅಕ್ವೇರಿಯಂ ಮಾರುಕಟ್ಟೆಗಾಗಿ ಅದನ್ನು ತೊರೆಗಳಿಂದ ಎಷ್ಟು ಬಾಚಿದರೆಂದರೆ ಅದೀಗ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ನಮ್ಮ ತೊರೆಯ ಮೀನು ಹೊರದೇಶದ ಗಾಜಿನಲ್ಲಿ, ಅಮೆಜಾನಿನ ಮೀನು ನಮ್ಮ ಗಾಜಿನಲ್ಲಿ.

ಕೋಡಿಬಾಗದ ಕೋಣೆ

ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಗುಡ್ಡದ ಮೇಲಿನ ಆ ವಿಶ್ವವಿದ್ಯಾಲಯದ ಒಂದು ಕಾಲು ಮಾತ್ರ ಕಡಲಿನಲ್ಲಿದೆ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಅರಬ್ಬಿ ಕಡಲು ಸೇರುವ ಅಳಿವೆಯ ಮಗ್ಗುಲಲ್ಲಿ, ಅದರ ಕಡಲಜೀವವಿಜ್ಞಾನ ಅಧ್ಯಯನ ವಿಭಾಗ 1970ರ ದಶಕದಿಂದ ನಡೆಯುತ್ತಿದೆ. ಧಾರವಾಡ ಜಿಲ್ಲೆಯ ಹಳ್ಳಿಯ ಹುಡುಗನಿಗೋ ಹುಡುಗಿಗೋ ಕಡಲವಿಜ್ಞಾನ ಓದುವ ಮನಸ್ಸಾದರೆ ತನ್ನದೇ ವಿಶ್ವವಿದ್ಯಾಲಯದ ಬಾಗಿಲು ಅಲ್ಲಿ ಸಿಗುತ್ತದೆ. ವಿಭಾಗದ ಸಂಗ್ರಹಾಲಯದಲ್ಲಿ ಸುತ್ತಲಿನ ಕಡಲಿನ ಮೀನು, ಚಿಪ್ಪುಜೀವಿ, ಏಡಿ, ಸಿಗಡಿಗಳ ಮಾದರಿಗಳು ಬಾಟಲಿಗಳಲ್ಲಿವೆ. ಜೀವವಿಲ್ಲದ ಮಾದರಿಗೆ ತೊಟ್ಟಿಯ ಮೀನಿನ ಆಕರ್ಷಣೆ ಇಲ್ಲ, ನಿಜ. ಆದರೆ ಅದು ಈ ಕಡಲಿನದೇ, ಹೆಸರು ಗೊತ್ತಿರುವ ತೀರದಲ್ಲಿ ಸಿಕ್ಕದ್ದು. ಕಲಿಸುವ ದೃಷ್ಟಿಯಿಂದ ನೋಡಿದರೆ ಈಚಿನ ವರ್ಷಗಳಲ್ಲಿ ನಗರದ ಮೈದಾನಗಳಿಗೆ ತಿಂಗಳೊಪ್ಪತ್ತಿಗೆ ಬಂದುಹೋಗುವ ಸುರಂಗ ಮತ್ಸ್ಯಾಲಯಗಳಿಗಿಂತ, ಸೆಲ್ಫಿ ತೆಗೆಯುವವರ ಸಾಲು ಅಲ್ಲಿ ಎಷ್ಟೇ ಉದ್ದವಿರಲಿ, ಈ ಕೋಣೆಯ ತೂಕ ಹೆಚ್ಚು.

ಕಾರವಾರದಲ್ಲೇ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. 1947ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಕಾರವಾರ ಬೇಕಾದದ್ದು ಬಂಗಡೆಯ ಅಧ್ಯಯನಕ್ಕೆ. ಈಗ ಅಲ್ಲಿ ಕಡಲಲ್ಲಿ ಪಂಜರ ಕಟ್ಟಿ ಕೋಬಿಯಾ, ಸೀಬಾಸ್ (ಕೊಂಕಣಿಗರ ಚೊಣಕ್) ಸಾಕುವ ಕೆಲಸಕ್ಕೆ ಹೆಸರು. ಟ್ಯಾಗೋರ್ ಕಡಲತೀರದಲ್ಲಿ ಸಾರ್ವಜನಿಕ ಮತ್ಸ್ಯಾಲಯವೂ, 2006ರಿಂದ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯವೂ ಇವೆ. ಪ್ರವಾಸದ ಮಕ್ಕಳು ಮೊದಲು ಓಡುವುದು ಆ ನೌಕೆಯ ಕ್ಷಿಪಣಿಯ ಕಡೆಗೆ. ದಕ್ಷಿಣಕ್ಕೆ ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು.

ಉಪ್ಪುನೀರಿನ ಲೆಕ್ಕ

ಕಡಲಜೀವಿಗಳನ್ನು ಸಾಕುವುದು ಏಕೆ ಕಷ್ಟ ಎಂಬುದು ಸವಳುನೀರಿನ ನಾಡಿನವರಿಗೆ ಬೇಗ ಅರ್ಥವಾಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಬಾಯಿಗಿಡಲಾಗದಷ್ಟು ಉಪ್ಪು. ಹಾಗಾದರೆ ಅದರಲ್ಲಿ ಬಂಗಡೆ ಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬಿಡಲಾಗದು. ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಸವಳು ಬಾವಿಯಲ್ಲಿ ಇರುವುದು ಸಾಮಾನ್ಯವಾಗಿ ಅದರ ಸಣ್ಣದೊಂದು ಪಾಲು. ಪ್ರಮಾಣ ಸರಿಹೋದರೂ ಹದ ಸರಿಹೋಗದು: ಕಡಲಿನಲ್ಲಿ ಅಡುಗೆ ಉಪ್ಪಿನ ಜೊತೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಗೊತ್ತಾದ ಪ್ರಮಾಣದಲ್ಲಿ ಬೆರೆತಿವೆ, ಹವಳವೂ ಸಿಗಡಿಯೂ ಅದಕ್ಕೆ ಒಗ್ಗಿ ಬದುಕುತ್ತವೆ. ಆದ್ದರಿಂದ ಒಳನಾಡಿನ ಮತ್ಸ್ಯಾಲಯಗಳು ಶುದ್ಧೀಕರಿಸಿದ ನೀರಿಗೆ ಕೃತಕ ಕಡಲುಪ್ಪಿನ ಮಿಶ್ರಣ ಕಲಸುತ್ತವೆ. ಸಾವಿರ ಲೀಟರಿನ ತೊಟ್ಟಿಗೆ ಸುಮಾರು 35 ಕಿಲೋ ಉಪ್ಪು ಬೇಕು. ನೀರು ಬದಲಿಸಿದಾಗಲೆಲ್ಲ ಮತ್ತೆ ಬೇಕು. ತುಂಬಿದ ಆ ತೊಟ್ಟಿಯ ನೀರೇ ಒಂದು ಟನ್ನಿಗಿಂತ ಭಾರ.

ಉಪ್ಪಿಗಿಂತ ದೊಡ್ಡ ತೊಡಕು ಮೀನಿನ ಹೇಸಿಗೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದ ಮೇವೂ ಕೊಳೆತು ಅದೇ ಆಗುತ್ತದೆ. ತೆರೆದ ಕಡಲಿನಲ್ಲಿ ಇದು ಲೆಕ್ಕಕ್ಕಿಲ್ಲ. ನಾಲ್ಕು ಗಾಜಿನ ನಡುವೆ ವಿಷ. ಅದನ್ನು ಕಳೆಯುವುದು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಸೋಸುವ ಮರಳಿನಲ್ಲಿ, ಕಲ್ಲಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಹಿಡಿಯುತ್ತದೆ. ಉದ್ಘಾಟನೆಯ ಮುಹೂರ್ತ ಮೊದಲೇ ಗೊತ್ತುಮಾಡಿ ನೀರು ತುಂಬಿದ ಮರುದಿನವೇ ಮೀನು ಬಿಟ್ಟಲ್ಲಿ ಅವು ಸಾಲಾಗಿ ತೇಲುವುದು ಇದೇ ಕಾರಣಕ್ಕೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಆಮ್ಲಜನಕ ಇಳಿಯುತ್ತದೆ. ಜನರೇಟರಿಲ್ಲದ ಕಡಲ ಮತ್ಸ್ಯಾಲಯ ಹೆಚ್ಚು ದಿನ ಬಾಳದು. ಕಾರವಾರದಂಥ ತೀರದಲ್ಲಿ ನೀರನ್ನು ನೇರ ಕಡಲಿನಿಂದ ಎಳೆದುಕೊಳ್ಳಬಹುದು. ಆದರೆ ಮಳೆಗಾಲದಲ್ಲಿ ಕಾಳಿಯ ನೆರೆ ನುಗ್ಗಿ ಅಳಿವೆಯ ಬಳಿ ಉಪ್ಪು ಇಳಿದುಬಿಡುತ್ತದೆ.

ಇದರಿಂದ ಒಂದು ವಿಚಿತ್ರ ಹುಟ್ಟಿದೆ. ಈ ಕರಾವಳಿಯ ಬದುಕನ್ನು ಹೊತ್ತ ಮೀನುಗಳೆಂದರೆ ಬಂಗಡೆ ಮತ್ತು ತಾರ್ಲೆ (ದಕ್ಷಿಣದವರ ಬೂತಾಯಿ). ಇವೆರಡೂ ದೊಡ್ಡ ಹಿಂಡಿನಲ್ಲಿ ಬಿಡುವಿಲ್ಲದೆ ಈಜುವ ಮೀನುಗಳು. ಸಣ್ಣ ತೊಟ್ಟಿಯಲ್ಲಿ ಗಾಜಿಗೆ ಬಡಿದು, ಹುರುಪೆ ಉದುರಿ ಸಾಯುತ್ತವೆ. ಹಾಗಾಗಿ ತಟ್ಟೆಯಲ್ಲಿ ದಿನವೂ ಕಾಣುವ ಮೀನು ಮತ್ಸ್ಯಾಲಯದಲ್ಲಿ ಕಾಣುವುದಿಲ್ಲ. ಕಾಣುವುದು ಕ್ಲೌನ್ ಮೀನು, ಸಿಂಹಮೀನು, ಹಾವುಮೀನು, ಉಬ್ಬುಮೀನು. ಅಳಿವೆಯ ಜೀವಿಗಳನ್ನು ಇಡುವುದು ಇದಕ್ಕಿಂತ ಸುಲಭ. ಕೆಸರಿನ ಮೇಲೆ ತೆವಳುವ ಮಡ್‌ಸ್ಕಿಪ್ಪರ್, ಒಂದು ಕೊಂಡಿ ಮಾತ್ರ ದೊಡ್ಡದಿರುವ ಪಿಟೀಲು ಏಡಿ, ಬಳಚು ಎಂಬ ಚಿಪ್ಪುಜೀವಿ, ಕಲ್ಲಿಗಂಟಿದ ಸಿಂಪಿ ಇವೆಲ್ಲ ಉಪ್ಪಿನ ಏರಿಳಿತ ತಡೆದುಕೊಳ್ಳುವವು. ಕರ್ನಾಟಕದ ಮತ್ಸ್ಯಾಲಯಗಳು ಹೆಚ್ಚು ಬಳಸದೆ ಬಿಟ್ಟ ಅವಕಾಶ ಇದು.

ಏನನ್ನು ಕಲಿಸಬೇಕು

ಈ ತೀರದ ಸಂರಕ್ಷಣೆಯ ಪಾಠಕ್ಕೆ ವಿಷಯದ ಬರವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಕಣ್ಣು ಕೋರೈಸುವ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನೂ, ಎರಡು ದೋಣಿಗಳ ನಡುವೆ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಾಡದೋಣಿಯವರಿಗೂ ಟ್ರಾಲರಿನವರಿಗೂ ಈ ವಿಷಯದಲ್ಲಿ ಇಂದಿಗೂ ಜಟಾಪಟಿ. ತಿಮಿಂಗಿಲ ಶಾರ್ಕ್, ಕಡಲಕುದುರೆ, ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಮುಳುಗುಗಾರರು ಅದನ್ನು ನೋಡಲು ಹೋಗುತ್ತಾರೆ. ಕಾರವಾರದ ದೇವಬಾಗದ ಕಡೆ ಗೂನುಬೆನ್ನಿನ ಡಾಲ್ಫಿನ್ ಕಾಣಲು ತೊಟ್ಟಿ ಬೇಕಿಲ್ಲ, ದೋಣಿ ಸಾಕು.

ಅಘನಾಶಿನಿಯ ಅಳಿವೆಯನ್ನು ಬೇರೆಯಾಗಿಯೇ ಹೇಳಬೇಕು. ಅಣೆಕಟ್ಟಿಲ್ಲದೆ ಕಡಲು ಸೇರುವ ಕೆಲವೇ ಹೊಳೆಗಳಲ್ಲಿ ಒಂದು ಅದು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ಹೆಂಗಸರು, ಗಂಡಸರು ಬಳಚು ಆರಿಸುತ್ತಾರೆ. ಅದು ಅವರ ಅನ್ನ. ಅಂಚಿನ ಗಜನಿಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಉಪ್ಪುನೀರನ್ನು ಸಹಿಸಿ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಮಲಪ್ರಭೆಯ ಕಾಲುವೆ ನೀರು ಹರಿದು ಸವಳು ಮೇಲೆದ್ದ ಹೊಲವನ್ನು ನೋಡಿದ ನವಲಗುಂದದ ರೈತನಿಗೆ ಸಿಂಹಮೀನಿಗಿಂತ ಕಗ್ಗದ ಗದ್ದೆಯ ಬಳಿ ನಿಲ್ಲಲು ಹೆಚ್ಚು ಕಾರಣವಿದೆ. 2024ರಲ್ಲಿ ಅಘನಾಶಿನಿ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದರ ಜೊತೆಗೇ ಸೇರಿದ ಇನ್ನೊಂದು ಜಾಗ ಸಂಶಿಯವರಿಗೆ ನೆರೆಯದು: ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ.

ಮತ್ಸ್ಯಾಲಯವೇ ತಂದೊಡ್ಡುವ ಹಾನಿಯನ್ನೂ ಕಲಿಸಬೇಕಾಗುತ್ತದೆ. ಮನೆಯ ತೊಟ್ಟಿಯ ಪಾಚಿ ತಿನ್ನಲೆಂದು ತಂದ, ಟ್ಯಾಂಕ್ ಕ್ಲೀನರ್ ಎಂದು ಮಾರುವ ದಕ್ಷಿಣ ಅಮೆರಿಕದ ಮೀನು ದೊಡ್ಡದಾದ ಮೇಲೆ ಸಾಕಲಾರದೆ ಕೆರೆಗೆ ಬಿಡುತ್ತಾರೆ. ಅದರ ಮೈ ಗಟ್ಟಿ ಚಿಪ್ಪು, ತಿನ್ನುವವರಿಲ್ಲ. ಮೀನುಗಾರನ ಬಲೆ ಹರಿಯುತ್ತದೆ. ಸಾಕಣೆಗೆ ತಂದ ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧದ ನಂತರವೂ ಕೆರೆಗಳಲ್ಲಿ ನಾಟಿ ಮೀನುಗಳನ್ನು ನುಂಗುತ್ತಿದೆ.

ಎರಡು ಕಡಲಿನ ಜಿಲ್ಲೆ

ಧಾರವಾಡ ಜಿಲ್ಲೆಗೆ ತೀರವಿಲ್ಲ, ಆದರೆ ಅದರ ನೀರು ಎರಡು ಕಡಲುಗಳಿಗೆ ಹೋಗುತ್ತದೆ. ಧಾರವಾಡದ ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲೆಯೂ ಕಲಘಟಗಿ ಸೀಮೆಯ ಬೇಡ್ತಿಯೂ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆ ತಾಲೂಕಿನ ಮಂಜಗುಣಿಯ ಬಳಿ ಅರಬ್ಬಿ ಕಡಲು ಸೇರುತ್ತವೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ನೀರು ಹೊತ್ತ ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ. ಬೇಸಿಗೆಯಲ್ಲಿ ಒಣಗಿ, ಮಳೆಗಾಲದ ಒಂದೇ ರಾತ್ರಿಯಲ್ಲಿ ಹೊಲಗಳಿಗೆ ನುಗ್ಗುವ ಬೆಣ್ಣಿಹಳ್ಳದ ದಂಡೆಯಲ್ಲಿ ಎಸೆದ ಗೊಬ್ಬರದ ಚೀಲ, ಔಷಧಿ ಡಬ್ಬಿಗಳು ನೆರೆಯೊಂದಿಗೆ ಹೊರಟರೆ ದಾರಿ ಅದೇ. ಹುಬ್ಬಳ್ಳಿಯ ಚರಂಡಿ ನೀರಿಗೂ ಅದೇ ದಾರಿ. ಒಳನಾಡಿಗೆಂದು ಯಾರಾದರೂ ಮತ್ಸ್ಯಾಲಯ ಕಟ್ಟಿದರೆ ಮೊದಲ ಗೋಡೆಯ ಮೇಲೆ ಬರೆಯಬೇಕಾದ ನಕ್ಷೆ ಇದು. ಅದರ ಪಕ್ಕದ ತೊಟ್ಟಿಗಳಲ್ಲಿ ಊರಕೆರೆಯ ಮೀನೇ ಇರಲಿ, ಹರಿಯುವ ಕಡೆಗೆ ನೀರು ಉಪ್ಪಾಗುತ್ತ ಹೋಗಲಿ.

ಸದ್ಯಕ್ಕೆ ಸಂಶಿಯಿಂದ ಹೊರಡುವವರಿಗೆ ಡಿಸೆಂಬರ್, ಜನವರಿ ಒಳ್ಳೆಯ ತಿಂಗಳು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗೆ ಮರದ ಕಾಲುಹಾದಿಯಿದೆ. ನೀರು ಇಳಿದ ಹೊತ್ತಿಗೆ ಹೋದರೆ ಕಾಂಡ್ಲಾದ ಉಸಿರುಬೇರುಗಳ ನಡುವೆ ಏಡಿಗಳು ಓಡಾಡುವುದು ಕಾಣುತ್ತದೆ. ಕಾಸರಕೋಡಿನ ಟೊಂಕಾ ತೀರ ಅಲ್ಲಿಂದ ಹತ್ತಿರ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಅಲ್ಲಿ ಮರಳು ತೋಡಿ ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ತೀರದ ಮೀನುಗಾರರೂ ಗೂಡಿನ ಸುತ್ತ ಬಲೆಯ ಬೇಲಿ ಕಟ್ಟಿ ನಾಯಿ, ನರಿಗಳಿಂದ ಕಾಯುತ್ತಾರೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಡಿಸೆಂಬರಿನಲ್ಲಿ ಹೋದ ಮಕ್ಕಳು ನೋಡುವುದು ಬೇಲಿಯೊಳಗಿನ ಮರಳನ್ನು ಮಾತ್ರ.